ಉಬ್ಬಿದ ಬಾಗಿಲು

ಜಾಬೆಜ್ ಪಿಡ್ಸ್‌ಲಿಯ ಮನೆಯ ಓಕ್ ಬಾಗಿಲು ವಾರವಿಡೀ ಮಳೆ ಕುಡಿದು, ಹಬ್ಬದೂಟ ಮುಗಿಸಿದ ಪಾದ್ರಿಯ ಹೊಟ್ಟೆಯಂತೆ ಉಬ್ಬಿತ್ತು. ಬೇರೆಯವರ ಮನೆಯಲ್ಲಾಗಿದ್ದರೆ ಅದು ಬಡಗಿಯ ಕೆಲಸ. ಜಾಬೆಜನಿಗೆ ಜೈಲಿನ ವಿಷಯ.

ಹೊಸ ಕಾಯ್ದೆ ದೊಡ್ಡ ಮನಸ್ಸು ಮಾಡಿತ್ತು. ಸರ್ಕಾರಿ ಚರ್ಚು ಒಲ್ಲದವರು ತಮ್ಮ ಪಾಡಿಗೆ ಪ್ರಾರ್ಥನೆ ಮಾಡಿಕೊಳ್ಳಬಹುದು. ಆದರೆ ಒಳಗೆ ಕೂತು ರಾಜನ ಮೇಲೆ ಮಸಲತ್ತು ನಡೆಸಿಯಾರೆಂದು, ಆ ಹೊತ್ತಿನಲ್ಲಿ ಬಾಗಿಲು ಭದ್ರಪಡಿಸುವಂತಿರಲಿಲ್ಲ. ದೇವರಿಗೂ ತೆರೆದಿರಬೇಕು, ಕಾನ್‌ಸ್ಟೇಬಲ್ಲಿಗೂ. ಪುಕ್ಕಲು ನೇಕಾರ ಜಾಬೆಜ್ ಆ ಭಯಕ್ಕೆ ಚಿಲಕ, ಅಗುಳಿ ಎಲ್ಲ ಕಿತ್ತು ಬಾವಿಗೆ ಹಾಕಿದ್ದ.

ಭಾನುವಾರ ಅವನ ಮನೆಯಲ್ಲಿ ಅಂಥ ಜನ ಪ್ರಾರ್ಥನೆಗೆ ಸೇರಿದ್ದರು. ಬೋಧಕರು ನರಕದ ವರ್ಣನೆಯಲ್ಲಿ ಒಳ್ಳೇ ಹದಕ್ಕೆ ಬಂದಿದ್ದರು. ಆಗ, ಕಾಲುನೋವೆಂದು ಚರ್ಚಿಗೆ ಹೋಗದೆ ಕಿಟಕಿಯಲ್ಲಿ ಕೂತಿದ್ದ ಎದುರುಮನೆಯ ವಿಧವೆ ಗ್ರಿಝಲ್ ಬಂದು ಬಾಗಿಲು ತಳ್ಳಿ ನೋಡಿದಳು. ಅಲುಗಲಿಲ್ಲ. ಕಾಲುನೋವು ಅಲ್ಲಿಗೆ ವಾಸಿಯಾಯಿತು. ಓಡಿಹೋಗಿ ಕಾನ್‌ಸ್ಟೇಬಲ್ ಟ್ಯಾಪ್‌ಸ್ಕಾಟನನ್ನು ಹೆಂಡದಂಗಡಿಯಿಂದ ಎಬ್ಬಿಸಿ ತಂದಳು. ಆ ಊರಲ್ಲಿ ಕಾನ್‌ಸ್ಟೇಬಲ್ ಕೆಲಸ ಮನೆಯಿಂದ ಮನೆಗೆ ಸಾಲಾಗಿ ಸರಿಯುತ್ತಿತ್ತು. ಈ ವರ್ಷ ಜಾಬೆಜನ ಪಕ್ಕದ ಮನೆಯ ಟ್ಯಾಪ್‌ಸ್ಕಾಟನ ಸರದಿ.

ಟ್ಯಾಪ್‌ಸ್ಕಾಟ್ ಹೆಗಲು ಕೊಟ್ಟು ನುಗ್ಗಿದ. ಬಾಗಿಲು ಒಮ್ಮೆಲೇ ತೆರೆದುಕೊಂಡಿತು, ಅವನು ಹಿಟ್ಟಿನ ಮೂಟೆಯಂತೆ ಬೋಧಕರ ಕಾಲಬುಡಕ್ಕೆ ಬಿದ್ದ. ಪಾಪಿಯೊಬ್ಬನಿಗೆ ಪಶ್ಚಾತ್ತಾಪವಾಯಿತೆಂದು ಮುಂದೆ ಕೂತಿದ್ದ ಮುದುಕಿ ಕಣ್ಣೊರೆಸಿಕೊಂಡಳು.

"ಅಗುಳಿ ಹಾಕ್ಕೊಂಡು ಕೂತಿದ್ದೀಯ, ಪಿಡ್ಸ್‌ಲಿ. ನಡಿ ಜೈಲಿಗೆ."

"ಅಗುಳಿ ಎಲ್ಲಿದೆ ಸ್ವಾಮಿ? ಮರ ಉಬ್ಬಿದೆ, ಅಷ್ಟೆ. ತೋರಿಸ್ತೀನಿ, ನೀವೇ ನೋಡಿ."

ಹೆಂಡತಿ ಥಾಮಸಿನ್ ಬೇಡ ಬೇಡವೆಂದು ಕಣ್ಸನ್ನೆ ಮಾಡಿದಳು. ಆದರೆ ಪ್ರಾಮಾಣಿಕತೆ ತಲೆಗೇರಿದರೆ ಜಾಬೆಜನನ್ನು ಹಿಡಿಯುವವರಿಲ್ಲ. ಬಾಗಿಲ ಹಿಂಬದಿ ತೋರಿಸಲೆಂದು ಅದನ್ನು ದಢಾರನೆ ದಬ್ಬಿ ಮುಚ್ಚಿದ.

ಮತ್ತೆ ತೆರೆಯಲಿಲ್ಲ. ಎಳೆದರೆ ಹಿಡಿ ಕೈಗೇ ಬಂತು. ಹೊಸ್ತಿಲಾಚೆ ಇದ್ದ ಗ್ರಿಝಲ್, ಹೊರಗಿನಿಂದ ನೂಕುವುದು ಬಿಟ್ಟು, ಪಾದ್ರಿಗಳಿಗೆ ಸುದ್ದಿ ಮುಟ್ಟಿಸಲು ಚರ್ಚಿನ ಕಡೆ ಓಡಿದಳು.

ಈಗ ಮುಚ್ಚಿದ ಬಾಗಿಲ ಪ್ರಾರ್ಥನೆಯಲ್ಲಿ ಕಾನ್‌ಸ್ಟೇಬಲ್ಲೂ ಪಾಲುದಾರ. ಬೋಧಕರು ಬಿಟ್ಟಲ್ಲಿಂದ ನರಕವನ್ನು ಮತ್ತೆ ಎತ್ತಿಕೊಂಡರು. ಬೆವರಿದ ಟ್ಯಾಪ್‌ಸ್ಕಾಟ್ ಕಿಟಕಿ ಹತ್ತಿದ. ತಲೆ ದಾಟಿತು, ಹೆಗಲು ದಾಟಿತು, ಹೊಟ್ಟೆ ಒಪ್ಪಲಿಲ್ಲ. ಅಷ್ಟರಲ್ಲಿ ಪಾದ್ರಿಗಳು ಚರ್ಚಿನ ಜನವನ್ನೆಲ್ಲ ಕಟ್ಟಿಕೊಂಡು ಬಂದೇಬಿಟ್ಟರು.

"ಏನಯ್ಯಾ, ತಲೆ ನಮ್ಮ ಚರ್ಚಿಗೆ, ಕಾಲು ಅವರಿಗೆ ಅಂತ ಪಾಲು ಮಾಡಿದೀಯಾ?"

ಅಲ್ಲೇ ಅವನ ಕೆಲಸ ಹೋಯಿತು, ಅಧಿಕಾರದ ಕೋಲನ್ನೂ ಕಸಿದುಕೊಂಡರು. ಒಳಗೆ ಜಾಬೆಜ್ ಹಿಗ್ಗಿದ: ಕಾನ್‌ಸ್ಟೇಬಲ್ಲೇ ಇಲ್ಲದ ಮೇಲೆ ತನ್ನನ್ನು ಹಿಡಿಯುವವರು ಯಾರು?

ಜನ ಬಾಗಿಲು ನೂಕಿ ತೆರೆದರು. ಪಾದ್ರಿಗಳು ಒಳಬಂದು, ಸಾಲಿನಲ್ಲಿ ಮುಂದಿನ ಮನೆ ಯಾವುದೆಂದು ವಿಚಾರಿಸಿದರು. ಎಲ್ಲರೂ ಜಾಬೆಜನನ್ನು ನೋಡಿದರು.

"ನಾನು ನಿಮ್ಮ ಚರ್ಚಿನವನಲ್ವಲ್ಲ ಸ್ವಾಮಿ."

"ಅದಕ್ಕೇನಪ್ಪಾ, ಈಗ ಎಲ್ಲರನ್ನೂ ಸಹಿಸ್ಕೊಳ್ಳೋ ಕಾಲ." ಪಾದ್ರಿಗಳು ಪ್ರೀತಿಯಿಂದ ಕೋಲನ್ನು ಅವನ ಕೈಗಿಟ್ಟರು. "ಬಾಗಿಲು ಮುಚ್ಕೊಂಡು ಪ್ರಾರ್ಥನೆ ನಡೆಸಿದ ನೇಕಾರ ಒಬ್ಬ ಇದಾನೆ. ಮೊದಲು ಅವನನ್ನ ಹಿಡ್ಕೊಂಡು ಹೋಗು."

ಜಾಬೆಜ್ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತನ್ನದೇ ಕೊರಳಪಟ್ಟಿ ಹಿಡಿದು ಮಳೆಗಿಳಿದ.

"ಗಟ್ಟಿಯಾಗಿ ಹಿಡ್ಕೊಳ್ರೀ," ಥಾಮಸಿನ್ ಹಿಂದಿನಿಂದ ಅಂದಳು. "ತಪ್ಪಿಸ್ಕೊಂಡ್ರೆ ಅದಕ್ಕೂ ನೀವೇ ಒಳಗೆ ಹೋಗ್ಬೇಕಾಗತ್ತೆ."