ಈಜುಕೊಳದ ಪರದೆ

ಥಾರ್ನ್‌ಶಾ ಊರಿನ ಈಜುಕೊಳಕ್ಕೆ ಒಂದು ಪರದೆ ಬೇಕಾಗಿತ್ತು. ಅಷ್ಟೇ. ಊರು ಒಡೆದು ಹೋಳಾಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಕೊಳದ ಕಟ್ಟಡಕ್ಕೆ ರಸ್ತೆ ಕಡೆಯ ಗೋಡೆ ಪೂರ್ತಿ ಗಾಜು. ಎದುರಿಗೆ ಬಸ್ ಸ್ಟಾಪು, ಅದರ ಪಕ್ಕದಲ್ಲಿ ಮೀನು-ಚಿಪ್ಸ್ ಅಂಗಡಿ. ಗುರುವಾರ ಸಂಜೆ ಐದರಿಂದ ಒಂದು ಗಂಟೆ ಹೆಂಗಸರಿಗೇ ಮೀಸಲು, ಅಷ್ಟರೊಳಗೆ ಗಾಜಿಗೆ ಪರದೆ ಕಟ್ಟಿಕೊಡಿ ಎಂದು ಕೊಳದ ಮ್ಯಾನೇಜರಮ್ಮ ಫೋನು ಮಾಡಿದಾಗ ಪರದೆ ಅಂಗಡಿಯ ಖಿಜರ್ ‘ಆಗಲಿ’ ಎಂದುಬಿಟ್ಟ. ಯಾರು ಕೇಳಿದ್ದು, ಯಾಕೆ ಕೇಳಿದ್ದು ಎಂದು ವಿಚಾರಿಸಲಿಲ್ಲ. ಪರದೆ ಮಾರುವವನು ಅದರ ಹಿಂದೇನಿದೆ ಎಂದು ಇಣುಕಬಾರದು ಎಂಬುದು ಮೀರ್‌ಪುರದಿಂದ ಬಂದು ಯಾರ್ಕ್‌ಶೈರಿನಲ್ಲಿ ಅಂಗಡಿ ಇಟ್ಟ ಅವನ ಅಪ್ಪ ಹೇಳಿಕೊಟ್ಟ ಪಾಠ.

ಗುರುವಾರ ಬೆಳಿಗ್ಗೆ ಅಂಗಡಿಯ ತುಂಬ ಹಸಿರು ಬಟ್ಟೆ ಹರಡಿಕೊಂಡಿತ್ತು. ಅದರ ನಡುವೆ ಖಿಜರನ ಹೆಂಡತಿ ಫರ್ಖಂದಾ ಹೊಲಿಗೆ ಯಂತ್ರದ ಮುಂದೆ, ಗದ್ದೆಯಲ್ಲಿ ನಿಲ್ಲಿಸಿದ ಬೆದರುಬೊಂಬೆಯ ಹಾಗೆ ತಲೆಯೊಂದನ್ನೇ ಹೊರಗಿಟ್ಟು ಕೂತಿದ್ದಳು. ಪಕ್ಕದಂಗಡಿಯ ಕ್ಷೌರಿಕ ಇಣುಕಿ ನೋಡಿದ. “ಯಾರ ಮದುವೆ ಶಾಮಿಯಾನ, ಭಾಯ್?” ಎಂದ. ಖಿಜರ್ ಇದ್ದದ್ದು ಇದ್ದ ಹಾಗೆ ಹೇಳಿದ. ಕ್ಷೌರಿಕನ ಬಾಯಿಗೆ ಬಿದ್ದ ಸುದ್ದಿಯೂ ಅವನ ಕತ್ತರಿಗೆ ಸಿಕ್ಕ ತಲೆಯೂ ಮೊದಲಿದ್ದ ಆಕಾರದಲ್ಲಿ ಉಳಿದ ದಾಖಲೆಯಿಲ್ಲ. ಟೀ ಆರುವಷ್ಟರಲ್ಲಿ ‘ಸಾಬರು ಈಜುಕೊಳಕ್ಕೂ ಬುರ್ಖಾ ಹಾಕಿಸ್ತಾರಂತೆ’ ಎಂದು ಸುದ್ದಿ ಬಸ್ ಹತ್ತಿ ಊರು ಸುತ್ತಲು ಹೊರಟಿತು.

ಮೊದಲು ನುಗ್ಗಿದವರು ಕ್ಲೈವ್ ಆಕ್ರಾಯ್ಡ್. ನಿವೃತ್ತ ಇತಿಹಾಸ ಮೇಷ್ಟ್ರು. ಖಿಜರ್ ಅವರ ಶಿಷ್ಯ. ಈಗಲೂ ಅವರನ್ನು ಕಂಡರೆ ಅವನ ಕಾಲುಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು.

“ಏನಪ್ಪಾ ಇದು ಖಿಜರ್? ಪಾಪ, ಆ ಹೆಣ್ಮಕ್ಕಳನ್ನ ನೀರಲ್ಲೂ ಬಿಡಲ್ವಾ ನೀವು?”

“ಸರ್, ನಾನು ಬರೀ ಬಟ್ಟೆ...”

“ಬಾಯ್ಮುಚ್ಚು. ನಮ್ಮೂರ ಹೆಂಗಸರು ಓಟಿನ ಹಕ್ಕಿಗೆ ಜೈಲಿಗೆ ಹೋದರು, ಅನ್ನ ಬಿಟ್ಟರು. ಯಾವ ಇಸವಿ, ಹೇಳು!”

ಖಿಜರನಿಗೆ ಆವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿರಲಿಲ್ಲ. ಅವನು ಹಳೆಯ ಅಭ್ಯಾಸದಂತೆ ಕಿಟಕಿಯ ಹೊರಗೆ ನೋಡಿದ. ಮೇಷ್ಟ್ರು ನಿಟ್ಟುಸಿರು ಬಿಟ್ಟು ಫರ್ಖಂದಾಳ ಕಡೆ ತಿರುಗಿ, ಕಿವುಡರೊಡನೆ ಮಾತಾಡುವಂತೆ ಬಿಡಿಸಿ ಬಿಡಿಸಿ ಕೂಗಿದರು: “ನಿಮಗೆ... ಸ್ವಾತಂತ್ರ್ಯ... ಬೇಕಾ... ಅಮ್ಮಾ?”

ಪಕ್ಕದ ಬೀದಿಯಲ್ಲೇ ಹುಟ್ಟಿ ಬೆಳೆದ ಫರ್ಖಂದಾ ತಲೆಯೆತ್ತಿದಳು. “ಸದ್ಯಕ್ಕೆ ಹಸಿರು ದಾರ ಬೇಕು ಸರ್. ಅದರ ಉಂಡೆ ನಿಮ್ಮ ಬೂಟಿನ ಕೆಳಗಿದೆ.”

ಮೇಷ್ಟ್ರು ಕಾಲೆತ್ತುವಷ್ಟರಲ್ಲಿ ಬಾಗಿಲಲ್ಲಿ ಊರುಗೋಲು ಕುಟ್ಟಿದ ಸದ್ದಾಯಿತು. ಮಸೀದಿ ಕಮಿಟಿಯ ಕಾರ್ಯದರ್ಶಿ ಹಾಜಿ ಬಶಾರತ್.

“ಖಿಜರ್ ಬೇಟಾ, ಈ ಪರದೆ ಹಾಕಕೂಡದು.”

ಖಿಜರ್ ಕಣ್ಣು ಕಣ್ಣು ಬಿಟ್ಟ. “ಹಾಜಿ ಸಾಹೇಬ್ರೇ, ನೀವೇ ಪರದೆ ಬೇಡ ಅಂದ್ರೆ?”

“ತೋಬಾ! ನಾನೆಲ್ಲಿ ಹಾಗಂದೆ? ಪರದೆ ಬೇಕೇ ಬೇಕು. ಆದ್ರೆ ಪರದೆ ಇದೆ ಅಂತ ಗೊತ್ತಾದ್ರೆ ನಮ್ಮ ಹೆಂಗಸರು ಈಜೋಕೆ ಹೋಗ್ತಾರಲ್ಲ!”

“ಹಾಗಾದ್ರೆ ಬೇಡ್ವಾ?”

“ಬೇಡ ಅಂದ್ರೆ ಜನ ನನ್ನನ್ನ ಏನಂದ್ಕೊಳ್ತಾರೆ? ಹಾಕು. ಐದರಿಂದ ಆರರವರೆಗೆ ಮಾತ್ರ ತೆಗೆದಿಡು.”

ಮದ್ದಲೆಗೆ ಎರಡೂ ಕಡೆ ಪೆಟ್ಟು ಅಂತಾರೆ. ಖಿಜರನ ಅದೃಷ್ಟಕ್ಕೆ ಮೂರನೆಯ ಕಡೆಯೂ ಇತ್ತು. ಅದು ಕೊರಳಿಗೆ ಕೈಮಗ್ಗದ ಶಾಲು ಸುತ್ತಿಕೊಂಡು, ಎದೆಯ ಮೇಲೆ ಕೈಯಿಟ್ಟು ಒಳಬಂತು. ವಿಶ್ವವಿದ್ಯಾಲಯದ ಡಾಕ್ಟರ್ ಫಿಲಿಪ್ಪಾ. ನಾನಾ ಸಂಸ್ಕೃತಿಗಳ ಜನ ಒಂದೇ ಊರಿನಲ್ಲಿ ಹೇಗೆ ಬಾಳಬೇಕು ಎಂದು ಹೇಳಿಕೊಡುವುದು ಅವರ ಕೆಲಸ. ಅವರು ಮಾತ್ರ ಊರಾಚೆ ತೋಟದ ಮನೆಯಲ್ಲಿ ಒಬ್ಬರೇ ಇದ್ದರು.

“ಖಿಜರ್ ಅವರೇ, ನಾನು ನಿಮ್ಮ ಪರ. ಈ ಪರದೆ ನಿಮ್ಮ ಅಸ್ಮಿತೆ. ನಿಮ್ಮ ಹೆಂಗಸರ ಅನಿಸಿಕೆ ಏನು ಅಂತ ನೀವು ಹೇಳಿ, ರೆಕಾರ್ಡ್ ಮಾಡ್ಕೊಳ್ತೀನಿ.”

“ಇಲ್ಲೇ ಕೂತಿದ್ದಾಳಲ್ಲ ಮೇಡಂ, ಅವಳನ್ನೇ ಕೇಳಿ.”

“ಛೆ ಛೆ! ಅವರನ್ನ ನೇರವಾಗಿ ಮಾತಾಡಿಸಿದ್ರೆ ನಿಮ್ಮ ಸಂಸ್ಕೃತಿಗೆ ಅಗೌರವ.” ಆಮೇಲೆ ದನಿ ತಗ್ಗಿಸಿ, “ಆ ಮಿಷನ್ ಸ್ವಲ್ಪ ನಿಲ್ಲಿಸೋಕೆ ಹೇಳ್ತೀರಾ? ಹೆಂಗಸರ ದನಿ ಬಗ್ಗೆ ಮಾತಾಡೋವಾಗ ಗಲಾಟೆ ಆಗ್ತಿದೆ” ಎಂದರು.

ಫರ್ಖಂದಾ ಯಂತ್ರ ನಿಲ್ಲಿಸಿ ಎಲ್ಲರಿಗೂ ಸಮೋಸಾ ತಂದಿಟ್ಟಳು. ಬಾಯಿಗೆ ಕೆಲಸ ಸಿಕ್ಕರೆ ಜಗಳ ನಿಂತೀತು ಎಂದು ಅವಳ ಲೆಕ್ಕ. ಅದು ಉಲ್ಟಾ ಹೊಡೆಯಿತು. ಮೂವರಿಗೂ ಶಕ್ತಿ ಬಂತು. ನಿಮ್ಮ ಧರ್ಮದಲ್ಲಿ ಹೆಣ್ಣಿಗೆ ಬೆಲೆಯೆಲ್ಲಿದೆ ಎಂದರು ಮೇಷ್ಟ್ರು. ಆಸ್ತಿ ಹಕ್ಕು ನಾವು ಕೊಟ್ಟಾಗ ನಿಮ್ಮವರು ಇನ್ನೂ ಹೆಂಡಿರನ್ನು ಮಾರಲು ಹಂದಿ ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದರು ಎಂದರು ಹಾಜಿ. ಇಬ್ಬರ ನೋವೂ ಸಾಚಾ ಎಂದರು ಫಿಲಿಪ್ಪಾ. ಆ ಮಾತಿಗೆ ಇಬ್ಬರೂ ಅವರ ಮೇಲೇ ತಿರುಗಿಬಿದ್ದರು.

“ಈ ಪರದೆ ಈ ಅಂಗಡಿಯಿಂದ ಆಚೆ ಹೋಗಲ್ಲ!” ಎಂದು ಮೇಷ್ಟ್ರು ಒಂದು ಚುಂಗು ಹಿಡಿದರು.

“ನಮ್ಮ ಪರದೆ ಮುಟ್ಟೋಕೆ ನೀವ್ಯಾರ್ರೀ?” ಎಂದು ಹಾಜಿ ಇನ್ನೊಂದು ಚುಂಗು ಹಿಡಿದರು.

ನಿಜ ನೋಡಿದರೆ, ಸಂಜೆ ಐದರ ಹೊತ್ತಿಗೆ ಆ ಪರದೆ ಗಾಜಿನ ಮೇಲಿರುವುದು ಇಬ್ಬರಿಗೂ ಬೇಡವಾಗಿತ್ತು. ಆದರೂ ಹಗ್ಗ ಜಗ್ಗಾಟದ ಹುರುಪಿನಲ್ಲಿ ಎಳೆದರು. ‘ಪರ್‍’ ಎಂದು ಹಸಿರು ಬಟ್ಟೆ ನಡುವೆ ಸೀಳಿತು. ಹಿಡಿತ ತಪ್ಪಿ ಮೇಷ್ಟ್ರು ದಿಂಬಿನ ರಾಶಿಯ ಮೇಲೆ, ಹಾಜಿ ಸಮೋಸಾ ತಟ್ಟೆಯ ಮೇಲೆ ಕೂತರು.

“ಐದು ಗಂಟೆಗೆ ಕೊಳದ ಹತ್ರ ಬಾ, ನೋಡ್ಕೋತೀನಿ!” ಎಂದು ಖಿಜರನಿಗೆ ಮೇಷ್ಟ್ರು ಹೇಳಿದರು. ಹಾಜಿ ಸಾಹೇಬರೂ ಅದನ್ನೇ ಹೇಳಿದರು. ಡಾಕ್ಟರ್ ಫಿಲಿಪ್ಪಾ “ನಾನೂ ಬರ್ತೀನಿ, ಹೆದರ್ಬೇಡಿ” ಎಂದಾಗ ಖಿಜರನಿಗೆ ನಿಜವಾಗಿ ಹೆದರಿಕೆಯಾಯಿತು.

ಅವನು ಹರಿದ ಬಟ್ಟೆಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ. “ಕೈಕೊಟ್ರೆ ಇನ್ನು ಈ ಊರಲ್ಲಿ ನನ್ನ ಹತ್ರ ಯಾರು ಪರದೆ ಹೊಲಿಸ್ತಾರೆ? ಹಾಕಿದ್ರೆ ಯಾರು ಬಾಳೋಕೆ ಬಿಡ್ತಾರೆ?”

“ಏಳಿ ಮೇಲೆ,” ಎಂದಳು ಫರ್ಖಂದಾ. ಅವಳಾಗಲೇ ಗುಲಾಬಿ ಹೂವಿನ ಹಾಸಿಗೆ ಬಟ್ಟೆ ಕತ್ತರಿಸಿ ತೇಪೆ ಹಾಕತೊಡಗಿದ್ದಳು. “ಹಿಂದಿನ ಗಲ್ಲಿಯಿಂದ ಹೋಗೋಣ. ನಾನೂ ಬರ್ತೀನಿ.”

ಹೆಂಡತಿಗೆ ಈ ಪರದೆಯ ಮೇಲೆ ಇಷ್ಟೊಂದು ಆಸ್ಥೆ ಯಾಕೆ ಎಂದು ಯೋಚಿಸುವ ಸ್ಥಿತಿಯಲ್ಲಿ ಖಿಜರ್ ಇರಲಿಲ್ಲ.

ಅವರು ಕೊಳದ ಹಿಂಬಾಗಿಲಿನಿಂದ ಒಳಹೊಕ್ಕಾಗ ಮುಂದಿನ ರಸ್ತೆ ತುಂಬಿ ಹೋಗಿತ್ತು. ಮೇಷ್ಟ್ರ ಕಡೆಯವರು ‘ಬಿಡುಗಡೆ’ ಎಂದು ಬರೆದ ರಟ್ಟು ಹಿಡಿದಿದ್ದರು. ಹಾಜಿಯ ಕಡೆಯವರ ಹತ್ತಿರ ರಟ್ಟು ಇರಲಿಲ್ಲ, ಏನು ಬರೆಯಬೇಕೆಂದು ಕಮಿಟಿಯಲ್ಲಿ ಒಮ್ಮತವಾಗಿರಲಿಲ್ಲ. ಎರಡೂ ಗುಂಪಿಗೆ ಚಿಪ್ಸ್ ಅಂಗಡಿಯವನು ಬಿಸಿ ಬಿಸಿ ಪೊಟ್ಟಣ ಕಟ್ಟಿಕೊಡುತ್ತಿದ್ದ.

ಖಿಜರ್ ಏಣಿ ಹತ್ತಿ ಗಾಜಿನ ಗೋಡೆಯ ಎತ್ತರದ ಅಂಚುಕಟ್ಟೆಯ ಮೇಲೆ ನಿಂತು ಕೊಕ್ಕೆ ಸಿಕ್ಕಿಸತೊಡಗಿದ. ಹಿಂದೆ ಪರದೆ, ಮುಂದೆ ಗಾಜು. ತಲೆಯ ಮೇಲಿನ ಗಾಳಿ ಕಿಂಡಿಯಿಂದ ರಸ್ತೆಯ ಕೂಗೆಲ್ಲ ನೆಟ್ಟಗೆ ಅವನ ಕಿವಿಗೇ ಬೀಳುತ್ತಿತ್ತು.

“ಒಳಗಿರೋ ತಾಯಂದಿರೇ!” ಎಂದು ಮೇಷ್ಟ್ರು ಮೆಗಾಫೋನಿನಲ್ಲಿ ಕೂಗಿದರು. “ಈ ಪರದೆ ನಿಮ್ಮ ಮೇಲೆ ಯಾರು ಹೇರಿದ್ದು? ಹೆದರಬೇಡಿ! ಹೊರಗೆ ಬಂದು ಹೇಳಿ!”

ಮುಂಬಾಗಿಲು ತೆರೆಯಿತು. ಸ್ನಾನದ ನಿಲುವಂಗಿ ತೊಟ್ಟು, ಹಳದಿ ಹೂಗಳ ರಬ್ಬರ್ ಟೋಪಿ ಹಾಕಿಕೊಂಡ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಬಂದು ನಿಂತಳು. ಮೇಷ್ಟ್ರ ಮೆಗಾಫೋನು ‘ಕುಯ್ಯ್’ ಎಂದಿತು.

“ಅಮ್ಮಾ?”

“ನಾನೇ ಕಣೋ ಕೇಳಿದ್ದು, ಕ್ಲೈವ್!” ಎಂದಳು ಡೋರಿಸ್ ಆಕ್ರಾಯ್ಡ್. “ನಾನು ನೀರಿಗಿಳಿದ್ರೆ ಆ ಬಸ್ ಸ್ಟಾಪಿನ ಪಡ್ಡೆಗಳು ಚಿಪ್ಸ್ ಮೆಲ್ತಾ ‘ತಿಮಿಂಗಿಲ ಬಂತು’ ಅಂತ ಗಾಜು ತಟ್ತಾವೆ. ನಿನ್ನ ಬಿಡುಗಡೆ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?”

ಹಾಜಿ ಸಾಹೇಬರು ಊರುಗೋಲು ಮೇಲಕ್ಕೆತ್ತಿ ಕುಣಿಯುವುದೊಂದು ಬಾಕಿ. “ನೋಡಿದ್ರಾ! ಇಂಗ್ಲಿಷ್ ತಾಯಿಗೇ ಪರದೆ ಬೇಕಂತೆ! ಮಾನವಂತ ಹೆಂಗಸು ಅಂದ್ರೆ...”

“ಏನ್ರೀ, ನೀವಿಲ್ಲೇನ್ಮಾಡ್ತಿದ್ದೀರಿ?”

ಡೋರಿಸಳ ಬೆನ್ನ ಹಿಂದಿನಿಂದ ಇನ್ನೊಂದು ಆಕೃತಿ ಮುಂದೆ ಬಂತು. ನೆತ್ತಿಯಿಂದ ಹಿಮ್ಮಡಿಯವರೆಗೆ ನೀಲಿ ಈಜುಡುಗೆ, ತಲೆಯ ಮೇಲೆ ಡೋರಿಸಳದೇ ಜೋಡಿ ಎನ್ನುವಂಥ ಹೂವಿನ ಟೋಪಿ. ಹಾಜಿ ಸಾಹೇಬರು ಗುರುತು ಹಿಡಿದದ್ದು ದನಿಯಿಂದಲೇ.

“ಬೇಗಂ! ನೀನು... ನೀರು...”

“ಮಂಡಿಗೆ ಈಜು ಒಳ್ಳೇದು ಅಂದ್ರು ಡಾಕ್ಟರು. ನಾನೂ ಡೋರಿಸ್ಸೂ ಆಸ್ಪತ್ರೆ ಬೆಂಚಲ್ಲಿ ಕೂತು ಮಾತಾಡ್ಕೊಂಡ್ವಿ, ಬಂದು ಮ್ಯಾನೇಜರಮ್ಮನ್ನ ಕೇಳಿದ್ವಿ. ಇದಕ್ಕೂ ನಿಮ್ಮ ಕಮಿಟಿ ಕೂರಬೇಕಾ? ಬೇಳೆ ಬೇಯೋಕಿಟ್ಟು ಬಂದಿದ್ದೀನಿ, ಹೋಗಿ ಒಲೆ ಆರಿಸಿ!”

ಡಾಕ್ಟರ್ ಫಿಲಿಪ್ಪಾ ಜನರನ್ನು ಸೀಳಿಕೊಂಡು ಮುಂದೆ ಬಂದು ರೆಕಾರ್ಡರ್ ಚಾಚಿದರು. “ತಾವಿಬ್ಬರೂ ಯಾವ ಸಮುದಾಯದ ಪ್ರತಿನಿಧಿಗಳು?”

“ಮಂಡಿನೋವಿನೋರು,” ಎಂದು ಹೇಳಿ ಡೋರಿಸ್ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿತ್ತು.

ಅಂಚುಕಟ್ಟೆಯ ಮೇಲೆ ಖಿಜರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮೈಮೇಲಿನ ಮಣಭಾರ ಇಳಿದ ಹಾಗಾಗಿತ್ತು. ಇನ್ನು ತನ್ನನ್ನು ಯಾರೂ ಏನೂ ಅನ್ನುವಂತಿಲ್ಲ. ಕೊನೆಯ ಕೊಕ್ಕೆ ಸಿಕ್ಕಿಸಿ, ಕಾಲು ಹಿಂದಕ್ಕೆ ಚಾಚಿ ಏಣಿಗಾಗಿ ತಡಕಾಡಿದ. ಕಾಲಿಗೆ ಬರೀ ಗಾಳಿ ಸಿಕ್ಕಿತು.

“ಫರ್ಖಂದಾ! ಏಣಿ ಎಲ್ಲೇ?”

“ಅಡ್ಡ ಆಗುತ್ತೆ ಅಂತ ಮ್ಯಾನೇಜರಮ್ಮ ತಗೊಂಡ್ಹೋದ್ರು.” ಉತ್ತರ ಕೆಳಗಿನಿಂದ, ತೇಲಿಕೊಂಡು ಬಂತು. ಜೊತೆಗೆ ‘ದುಡುಂ’ ಎಂದು ಯಾರೋ ನೀರಿಗೆ ಬಿದ್ದ ಸದ್ದು.

“ನೀನೆಲ್ಲಿದ್ದೀಯಾ?”

“ನೀರಲ್ಲಿ!”

“ನಿನಗೆ ಈಜು ಬರುತ್ತಾ?”

“ಇಲ್ಲಾರೀ, ಅದಕ್ಕೇ ಬಂದಿರೋದು! ಡೋರಿಸಮ್ಮ ಕಲಿಸ್ತಾರೆ. ಪರದೆ ಸರಿಸೀರಾ ಜೋಕೆ! ಇಲ್ಲೆಲ್ಲಾ ಹೆಂಗಸರಿದ್ದಾರೆ. ಗಂಟೆ ಮುಗಿಯೋವರೆಗೂ ಹೊರಗಡೆ ಮುಖ ಮಾಡ್ಕೊಂಡು ಮರ್ಯಾದೆಯಾಗಿ ನಿಂತಿರಿ.”

ಖಿಜರ್ ಮುಖವನ್ನು ಹೊರಗಡೆ ಮಾಡಿಕೊಂಡ. ರಸ್ತೆಯಲ್ಲಿ ಅಷ್ಟೂ ಜನ ಹಾಗೇ ನಿಂತಿದ್ದರು. ಜಗಳ ಮುಗಿದಿತ್ತು, ಚಿಪ್ಸ್ ಮುಗಿದಿರಲಿಲ್ಲ. ಮೇಷ್ಟ್ರಿಗೂ ಹಾಜಿಗೂ ಎಲ್ಲಾದರೂ ಬೇರೆ ಕಡೆ ನೋಡಬೇಕಾಗಿತ್ತು. ಇಬ್ಬರೂ ಒಟ್ಟಿಗೆ ಕತ್ತೆತ್ತಿದರು. ಹಸಿರು ಪರದೆಯ ಮುಂದೆ, ಗಾಜಿಗೆ ಅಂಟಿದ ಹಲ್ಲಿಯ ಹಾಗೆ, ಎರಡೂ ಕೈ ಹರಡಿಕೊಂಡು ಖಿಜರ್ ನಿಂತಿದ್ದ.

“ಅಯ್ಯೋ ದೇವ್ರೇ, ಆ ಮನುಷ್ಯನ್ನ ಕೂಡಿಹಾಕಿದ್ದಾರೆ!” ಎಂದು ಮೇಷ್ಟ್ರು ಮೆಗಾಫೋನು ಬಾಯಿಗಿಟ್ಟುಕೊಂಡರು. “ಗಾಜು ಒಡೆದಾದ್ರೂ ಬಿಡಿಸ್ಬೇಕು!”

“ಯಾಕ್ರೀ ಬಿಡಿಸ್ತೀರಿ?” ಎಂದರು ಹಾಜಿ. “ಹೆಂಗಸರ ಮಾನಕ್ಕೆ ಕಾವಲು ನಿಂತಿದ್ದಾನೆ. ಗಂಡಸು ಅಂದ್ರೆ ಹಂಗಿರ್ಬೇಕು!”

“ದಯವಿಟ್ಟು ಸಮಾಧಾನ,” ಎಂದು ಡಾಕ್ಟರ್ ಫಿಲಿಪ್ಪಾ ನಡುವೆ ಬಂದರು. “ಅಲ್ಲಿ ನಿಲ್ಲೋದು ಅವರ ಪದ್ಧತಿ ಇರಬಹುದು. ನಮಗೆ ಅರ್ಥ ಆಗಲ್ಲ ಅಂತ ಕೀಳಾಗಿ ನೋಡಬಾರದು.”

ಜನ ಮತ್ತೆ ಎರಡು ಭಾಗವಾದರು. ರಟ್ಟುಗಳು ಮತ್ತೆ ಮೇಲೆದ್ದವು. ಚಿಪ್ಸ್ ಅಂಗಡಿಯವನು ಇನ್ನೊಂದು ಬಾಣಲೆ ಎಣ್ಣೆ ಕಾಯಿಸಿದ.

“ಏಣಿ!” ಎಂದು ಖಿಜರ್ ಗಾಜು ಬಡಿದು, ಕಿಂಡಿಗೆ ಬಾಯಿಟ್ಟು ಕಿರುಚಿದ. “ನಂಗೆ ಏನೂ ಬೇಡ್ರಪ್ಪೋ, ಯಾರಾದ್ರೂ ಒಂದು ಏಣಿ ತನ್ನಿ!”

ಮೂವರೂ ಸಿಡುಕಿನಿಂದ ತಲೆಯೆತ್ತಿದರು.

“ಸ್ವಲ್ಪ ಸುಮ್ನಿರಪ್ಪಾ ಖಿಜರ್!” ಎಂದು ಗದರಿದರು ಮೇಷ್ಟ್ರು. “ನಿನ್ನ ವಿಷಯಾನೇ ಮಾತಾಡ್ತಾ ಇದ್ದೀವಿ!”