ಹೆಸರು ಕೇಳದ ಸ್ನೇಹ

ರಜೆಯ ದಿನ ಹೆಂಡತಿಗೆ ನೆರವಾಗಲು ಹೋಗಿದ್ದೇ ಡ್ರಾಯಿಂಗ್ ಮೇಷ್ಟ್ರ ತಪ್ಪಾಯಿತು. ನೆನೆಸಿಟ್ಟ ಬಟ್ಟೆಯ ಬಕೆಟ್ ಎತ್ತಲು ಬಗ್ಗಿದಾಗ ಜೇಬಿನ ಮೊಬೈಲು ಸೋಪಿನ ನೀರಿಗೆ ಧುಮುಕಿತು. ಒರೆಸಿ, ಒದರಿ, ಫ್ಯಾನಿನ ಕೆಳಗೆ ಮಲಗಿಸಿ ಎಷ್ಟು ಉಪಚಾರ ಮಾಡಿದರೂ ಅದು ಕಣ್ಣು ಬಿಡಲಿಲ್ಲ.

ರಿಪೇರಿ ಅಂಗಡಿಯವನು ಅದರ ಹೊಟ್ಟೆ ಬಿಚ್ಚಿ ನೋಡಿ, "ಒಣಗಬೇಕು ಸಾರ್. ಕಾಯ್ತೀರಾ?" ಎಂದ.

ಬೆಂಚಿನ ಮೇಲೆ ಕೂತ ಮೇಷ್ಟ್ರಿಗೆ ತಮ್ಮ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಪಕ್ಕದ ಯುವಕನತ್ತ ತಿರುಗಿ, "ಸೆಕೆ ಜಾಸ್ತಿ ಅಲ್ವೇನಪ್ಪಾ?" ಎಂದರು. ಅವನು ಒಂದು ಕಿವಿಯ ಇಯರ್‌ಫೋನ್ ಕಿತ್ತು, "ಚಿಲ್ಲರೆ ಇಲ್ಲ" ಎಂದು ಮತ್ತೆ ಸಿಕ್ಕಿಸಿಕೊಂಡ. ಆಚೆಗಿದ್ದ ಹೆಂಗಸು ಮೇಷ್ಟ್ರು ಮುಗುಳ್ನಕ್ಕ ಕೂಡಲೇ ಬ್ಯಾಗಿನ ಜಿಪ್ ಎಳೆದು ಎದ್ದೇ ಹೋದರು.

ಖಾಲಿಯಾದ ಜಾಗದಲ್ಲಿ ಒಬ್ಬರು ಆಕಳಿಸುತ್ತ ಬಂದು ಕೂತರು.

"ನಿಮ್ಮದೂ ಅಡ್ಮಿಟ್ಟಾ?" ಮೇಷ್ಟ್ರು ಕೇಳಿದರು.

"ಹೂಂ. ಹಿಟ್ಟಿಗೆ ಬಿತ್ತು. ಬೇಕರಿ ನಮ್ಮದು, ರಾತ್ರಿಯೆಲ್ಲ ಕೆಲಸ. ಬೆಳಿಗ್ಗೆ ಮಲಗೋಣ ಅಂದ್ರೆ ಮೇಲಿನ ಮನೆಯವರು ಬಿಡಲ್ಲ. ಧಡ ಧಡ ಅಂತ ಏನೋ ಕುಟ್ತಾರೆ. ಮಸಾಲೆಪುಡಿ ವ್ಯಾಪಾರ ಇರಬೇಕು."

"ಬಿಲ್ಡಿಂಗ್ ಗ್ರೂಪಿನಲ್ಲಿ ಹೇಳಿಲ್ವಾ?"

"ಸದ್ದು ಮಾಡಬೇಡಿ ಅಂತ ಹಾಕಿದೆ. ಎಲ್ಲರೂ ಹೆಬ್ಬೆರಳು ಒತ್ತಿದ್ರು. ಕುಟ್ಟೋರೂ ಒತ್ತಿದ್ರೋ ಏನೋ!"

ಮೇಷ್ಟ್ರಿಗೆ ರೇಗಿತು. "ಮುಖ ನೋಡದೆ ಬರೆದ್ರೆ ಯಾರಿಗೆ ನಾಟುತ್ತೆ? ಇವತ್ತೇ ನಾಲ್ಕು ಜನರನ್ನ ಕರ್ಕೊಂಡು ಹೋಗಿ ಬಾಗಿಲು ಬಡೀರಿ. 'ಮನುಷ್ಯರೇನ್ರೀ ನೀವು?' ಅಂತ ಕೇಳಿ. ಮುಲಾಜು ಬೇಡ."

ಬೇಕರಿಯವರು ಅದನ್ನು ಬಾಯಿಪಾಠ ಮಾಡಿದರು. ಮೇಷ್ಟ್ರು ಚಿತ್ರ ತಿದ್ದುವಂತೆ, "ಹುಬ್ಬು ಇನ್ನೂ ಸ್ವಲ್ಪ ಗಂಟಿಕ್ಕಿ" ಎಂದು ತಿದ್ದಿದರು.

ಇಬ್ಬರೂ ಹೆಸರು ಕೇಳಲಿಲ್ಲ. ಹೆಸರು ಕೇಳಿದರೆ ಪರಿಚಯವಾಗಿಬಿಡುತ್ತದೆ. ಪರಿಚಯವಾದ ಮೇಲೆ ಮಾತನ್ನು ಅಳೆದೂ ಸುರಿದೂ ಆಡಬೇಕಾಗುತ್ತದೆ. ಆ ಧೈರ್ಯದಲ್ಲೇ ಇರಬೇಕು, ಮೇಷ್ಟ್ರ ಬಾಯಿಂದ ಯಾರಿಗೂ ಹೇಳದ ಸಂಗತಿ ಜಾರಿತು.

"ನನ್ನ ಹಾರ್ಟು ವೀಕು ಅಂದಿದಾರೆ ಡಾಕ್ಟರು. ದಿನಾ ಚುರುಕಾಗಿ ನಡೀಬೇಕಂತೆ. ಮನೇಲಿ ಮಾತ್ರ ಹೊಟ್ಟೆ ಕರಗಿಸ್ತಿದೀನಿ ಅಂದಿದೀನಿ. ನಿಜ ಹೇಳಿದ್ರೆ ಅವಳು ನಿದ್ದೆ ಬಿಟ್ಟು ನನ್ನ ಮುಖಾನೇ ನೋಡ್ತಾ ಕೂತ್ಕೋತಾಳೆ."

ಬೇಕರಿಯವರು ಮೇಷ್ಟ್ರ ಮುಂಗೈ ಹಿಡಿದುಕೊಂಡರು. ಮೇಷ್ಟ್ರಿಗೆ ಎಷ್ಟೋ ದಿನದ ಭಾರ ಇಳಿದಂತಾಯಿತು.

ಮೊಬೈಲುಗಳು ಕೈಗೆ ಬಂದವು. ಇಬ್ಬರ ಕತ್ತೂ ಬಗ್ಗಿತು. ಬರ್ತೀನಿ ಎನ್ನುವುದೂ ಮರೆತುಹೋಯಿತು.

ಸಂಜೆ ಮೇಷ್ಟ್ರ ಮನೆಯ ಬಾಗಿಲು ಒಡೆದುಹೋಗುವಂತೆ ಬಡಿದ ಸದ್ದು. ತೆರೆದರೆ ಹೊರಗೆ ನೆರೆಹೊರೆಯ ಹಿಂಡು, ಎಲ್ಲರ ಕೈಯಲ್ಲೂ ಎತ್ತಿ ಹಿಡಿದ ಮೊಬೈಲು. ಮುಂದೆ, ಸರಿಯಾಗಿ ಗಂಟಿಕ್ಕಿದ ಹುಬ್ಬಿನ ಬೇಕರಿಯವರು.

"ಮನುಷ್ಯರೇನ್ರೀ..."

ಮಾತು ಅಲ್ಲಿಗೇ ನಿಂತಿತು.

"ನೀವಾ?" ಎಂದರು ಮೇಷ್ಟ್ರು.

"ಇವರೇ!" ಎದುರುಮನೆಯಾಕೆ ಕೂಗಿದರು. "ಬೆಳಗಾದ್ರೆ ಬೂಟು ಹಾಕ್ಕೊಂಡು ಹಾಲ್‌ನಲ್ಲಿ ಪೆರೇಡ್ ಮಾಡ್ತಾರೆ. ನಾನೇ ಕಿಟಕಿಯಿಂದ ನೋಡಿದೀನಿ. ಕೇಳ್ರೀ, ಯಾಕೆ ನಿಲ್ಲಿಸಿದ್ರಿ?"

ಬೇಕರಿಯವರ ಹುಬ್ಬು ಮೆಲ್ಲಗೆ ಸಡಿಲಿತು. ಅವರು ಜನರ ಕಡೆ ತಿರುಗಿ ಎರಡೂ ಕೈ ಅಡ್ಡ ಹಿಡಿದರು.

"ಯಾರೂ ಏನೂ ಅನ್ನಬೇಡಿ! ಪಾಪ, ಅವರ ಹಾರ್ಟು ವೀಕು. ನಡೀಲೇಬೇಕು, ನಡೀಲಿ. ನಾನು ಬೇಕರೀಲೇ ಮಲಗ್ತೀನಿ."

ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಪಾತ್ರೆಯೊಂದು ಜಾರಿ ಬಿತ್ತು. ಬೇಕರಿಯವರು ನಾಲಿಗೆ ಕಚ್ಚಿಕೊಂಡರು.

ಜನ ಮೆಟ್ಟಿಲಿಳಿಯುವ ಮೊದಲೇ ಮೇಷ್ಟ್ರ ಮೊಬೈಲು ಟಿಣ್‌ಗುಟ್ಟತೊಡಗಿತು: ಬೆಳ್ಳುಳ್ಳಿ ಕಷಾಯ, ಉಸಿರಾಟದ ವಿಡಿಯೊ, ಯಾರದೋ ಭಾವನ ಆಪರೇಷನ್ನಿನ ಫೋಟೊ. ಹೆಂಡತಿ ಅದನ್ನು ಅವರ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಮಗುಚಿಟ್ಟರು.

"ಆ ಬೇಕರಿಯವರ ಹೆಸರೇನು?"

"ಕೇಳಲಿಲ್ಲ."

ಆಕೆ ಎದುರಿನ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನನ್ನೂ ಯಾರೋ ಅಂದ್ಕೊಂಡು ಒಂದು ಮಾತು ಹೇಳಬಹುದಿತ್ತಲ್ಲಾ!"