ಪುಟ್ಟಮ್ಮನ ಜರ್ಸಿ

ಮಗಳು ಮಾತು ಬಿಟ್ಟು ತಿಂಗಳಾಗಿತ್ತು. ಟೈಲರಿಗೆ ಊಟ ಸೇರುತ್ತಿರಲಿಲ್ಲ. ತಪ್ಪು ಅವನದೇ. ಮಗಳು ಆಡುವುದು ರಗ್ಬಿ. ಚೆಂಡು ಮೊಟ್ಟೆಯ ಹಾಗಿರುವುದರಿಂದ ಆಗದವರು ಆ ಆಟದವರನ್ನು 'ಮೊಟ್ಟೆ ಅಟ್ಟುವವರು' ಅನ್ನುತ್ತಾರೆ. ಗುದ್ದಾಡಿ ಊದಿಕೊಂಡ ಕಿವಿಗೆ 'ಹೂಕೋಸು' ಅನ್ನುತ್ತಾರೆ. ಈ ಎರಡನ್ನೂ ಎಲ್ಲಿಂದಲೋ ಕಲಿತು ಬಂದ ಮಹಾಶಯ, ಮನೆ ತುಂಬ ನೆಂಟರಿದ್ದಾಗ, "ನಮ್ಮನೇಲಿ ಒಂದು ಹೂಕೋಸು ಮೊಟ್ಟೆ ಅಟ್ಕೊಂಡು ಓಡುತ್ತೆ" ಅಂದುಬಿಟ್ಟಿದ್ದ. ನೆಂಟರು ನಕ್ಕರು. ಮಗಳು ಅರ್ಧ ಊಟಕ್ಕೇ ಎದ್ದುಹೋದಳು.

ಅಷ್ಟರಲ್ಲಿ ಫೈನಲ್ ಬಂತು. ಬೆನ್ನ ಮೇಲೆ ಹೆಸರು ಹೊಲಿಯಲು ತಂಡದ ಜರ್ಸಿಗಳು ಅವನ ಅಂಗಡಿಗೇ ಬಂದವು. ಜೊತೆಗೊಂದು ಅಡ್ಡಹೆಸರುಗಳ ಪಟ್ಟಿ: ಬುಲ್ಡೋಜರ್, ಬೀಗ, ಬೊಚ್ಚುಬಾಯಿ. ಮಗಳ ನಂಬರಿನ ಮುಂದೆ 'ಗೂಳಿ'.

"ನಾನು ಒಂದು ಮಾತು ಅಂದಿದ್ದಕ್ಕೆ ಇಷ್ಟು ರಾದ್ಧಾಂತ. ಇವರು ಗೂಳಿ ಅಂತ ಬೆನ್ನಿಗೇ ಹೊಲಿಸ್ತಾರಂತೆ ನೋಡು."

"ಅವಳನ್ನೇ ಒಂದು ಮಾತು ಕೇಳ್ರೀ," ಎಂದಳು ಹೆಂಡತಿ.

"ಮಾತಾಡಿದ್ರೆ ತಾನೇ ಕೇಳೋದು?"

ಕೊನೆಗೆ ಆ ಸೂಚೀಕರ್ಮಧುರಂಧರ (ಗಿರಾಕಿಗಳು ಇಟ್ಟ ಬಿರುದಲ್ಲ, ತಾನೇ ಇಟ್ಟುಕೊಂಡದ್ದು) ಎರಡು ದಿನ ಮಿಷನ್ ಬಿಟ್ಟೇಳದೆ, ಬಂಗಾರದ ಬಣ್ಣದ ದಾರದಲ್ಲಿ 'ಪುಟ್ಟಮ್ಮ' ಎಂದು ಹೊಲಿದ. ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅವನು ಕರೆದ ಹೆಸರು. ಸುತ್ತ ಹೂಬಳ್ಳಿ ಬೇರೆ. ನೋಡಿದ ಕೂಡಲೇ "ಅಪ್ಪಾ" ಅನ್ನುತ್ತಾಳೆ ಎಂದು ಅವನಿಗೆ ಗಟ್ಟಿ ನಂಬಿಕೆ.

ಮೈದಾನದಲ್ಲಿ ನಾಯಕಿ ಒಂದೊಂದೇ ಅಡ್ಡಹೆಸರು ಕೂಗಿ ಜರ್ಸಿ ಕೊಡುತ್ತ ಬಂದಳು. "ಗೂಳಿ" ಎಂದು ಕೂಗಿ ಮಡಿಕೆ ಬಿಚ್ಚಿದಳು. ಹೂಬಳ್ಳಿ ಕಂಡು ಎದುರು ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಗಳ ಮುಖ ಸಣ್ಣದಾಯಿತು.

ಆಟ ನೋಡಲು ಹೆಂಡತಿಯ ಜೊತೆ ಬಂದಿದ್ದ ಟೈಲರ ಹತ್ತಿರ ನಾಯಕಿ ಬಂದಳು. "ಅಂಕಲ್, ಈ ಹೆಸರು ಸುಮ್ನೆ ಸಿಗಲ್ಲ. ಮೂರು ವರ್ಷ ಇವಳದು ಖಾಲಿ ಬೆನ್ನು. ಹೋದ ಮ್ಯಾಚಲ್ಲಿ ಭುಜದ ಮೂಳೆ ಜಾರಿದ್ರೂ ಚೆಂಡು ಬಿಡ್ಲಿಲ್ಲ. ಆಮೇಲೇ ನಾವೆಲ್ಲ ಸೇರಿ ಗೂಳಿ ಅಂತ ಕೊಟ್ಟಿದ್ದು."

ಭುಜದ ವಿಷಯ ಅಪ್ಪನಿಗೆ ಗೊತ್ತೇ ಇರಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು, ಜೇಬಿನ ಬ್ಲೇಡು ಹಿಡಿದು, ತನ್ನ ಹೊಲಿಗೆಯನ್ನು ತಾನೇ ಬಿಚ್ಚತೊಡಗಿದ. ಹಾಳು ಹೊಲಿಗೆ, ಎಂದೂ ಇಲ್ಲದಷ್ಟು ಗಟ್ಟಿಯಾಗಿತ್ತು. ಕೊನೆಯ ಅಕ್ಷರ ಕಿತ್ತಾಗ ಆಟ ಶುರುವಿನ ಸೀಟಿ ಕೇಳಿಸಿತು. 'ಗೂಳಿ' ಹೊಲಿಯಲು ಸಮಯವಿರಲಿಲ್ಲ.

ಮಗಳು ಬಂದು ಖಾಲಿ ಜರ್ಸಿ ತೆಗೆದುಕೊಂಡಳು. ತಿಂಗಳ ಮೇಲೆ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು.

"ತುಂಬ ಥ್ಯಾಂಕ್ಸ್, ಟೈಲರ್ ಅವರೇ."

ಓಡಿಹೋದಳು. ಅವನು ಬ್ಲೇಡು ಹಿಡಿದುಕೊಂಡೇ ಕೂತಿದ್ದ. ಹೆಂಡತಿ ಪಕ್ಕಕ್ಕೆ ಸರಿದು ಕೂತು ಮೆಲ್ಲಗೆ ಹೇಳಿದಳು:

"ಮಾತಾಡ್ಸಿದಳಲ್ಲ ಬಿಡಿ. ಅಳಬೇಡಿ, ಜನ ನೋಡ್ತಾರೆ."